ಚುಕ್ಕಿಗೆ ಕಾಯುವುದನ್ನು ಕಲಿಸಿದ ಒಂದೂವರೆ ವರ್ಷ

ಚುಕ್ಕಿ ನಮ್ಮ ಮನೆಗೆ ಬಂದಾಗ ಅವಳಿಗೆ ಎಂಟು ವಾರ. ಕಪ್ಪು ಲ್ಯಾಬ್ರಡಾರ್ ಮರಿ. ಎದೆಯ ಮೇಲೆ ಕಡಲೆಕಾಳಿನಷ್ಟು ಜಾಗದಲ್ಲಿ ಬಿಳಿ ಕೂದಲು. ಹೆಸರು ಬಂದದ್ದು ಅದರಿಂದಲೇ. ಎರಡನೇ ದಿನ ಸಂಜೆ ಒಂದು ಕಾಲುಚೀಲವನ್ನು ಉಂಡೆ ಕಟ್ಟಿ ಹಜಾರದ ತುದಿಗೆ ಎಸೆದೆ. ಅವಳು ಎಡವುತ್ತಾ ಓಡಿದಳು, ಕಾಲುಚೀಲವನ್ನು ಕಚ್ಚಿಕೊಂಡಳು, ತಿರುಗಿ ನೇರವಾಗಿ ನನ್ನ ಮಡಿಲಿಗೆ ಬಂದಳು. ಯಾರೂ ಹೇಳಿಕೊಟ್ಟಿರಲಿಲ್ಲ.

ಇದು ರಕ್ತದಲ್ಲೇ ಇರುವ ಗುಣ. ಲ್ಯಾಬ್ರಡಾರ್‌ಗಳ ಪೂರ್ವಜರು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಮೀನುಗಾರರ ಜೊತೆ ಬಾಳಿದ ಸೇಂಟ್ ಜಾನ್ಸ್ ನಾಯಿಗಳು. ಗಾಳದಿಂದ ಜಾರಿದ ಮೀನು ಹಿಡಿದು ತರುವುದು, ಬಲೆಯ ಹಗ್ಗ ಎಳೆಯುವುದು ಅವುಗಳ ಕೆಲಸ. 19ನೇ ಶತಮಾನದಲ್ಲಿ ಹಡಗು ಹತ್ತಿ ಬ್ರಿಟನ್‌ಗೆ ಹೋದವು. ಅಲ್ಲಿನವರು ಅವನ್ನು ಹಕ್ಕಿ ಬೇಟೆಗೆ ಬಳಸಿದರು. 1903ರಲ್ಲಿ ಅಲ್ಲಿನ ಕೆನಲ್ ಕ್ಲಬ್ ಲ್ಯಾಬ್ರಡಾರ್ ಅನ್ನು ಒಂದು ತಳಿ ಎಂದು ಒಪ್ಪಿಕೊಂಡಿತು. ಆ ಹಳೆಯ ನಾಯಿಗಳಿಗೆ ಎದೆ ಮತ್ತು ಪಾದ ಬಿಳಿಯಾಗಿರುತ್ತಿದ್ದವು. ನಮ್ಮ ಚುಕ್ಕಿಯ ಎದೆಯ ಮೇಲಿರುವುದು ಆ ಅಜ್ಜ ಅಜ್ಜಿಯರ ಗುರುತು ಅಂತ ನಾನು ನಂಬಿದ್ದೇನೆ.

ನನಗೆ ನಾಯಿ ಬೇಕು ಅನಿಸಿದ್ದು ಒಂದು ಬಾತಿನಿಂದ. ಅವಳು ಬರುವ ಹಿಂದಿನ ಬೇಟೆಗಾಲದಲ್ಲಿ ನಾನು ಹೊಡೆದ ಒಂದು ಹಕ್ಕಿ ರೆಕ್ಕೆ ಮುರಿದು ಜೊಂಡಿನೊಳಗೆ ಬಿತ್ತು. ನಾನು ಮತ್ತು ನನ್ನ ತಮ್ಮ ಸೊಂಟದವರೆಗಿನ ನೀರಿನಲ್ಲಿ ಎರಡು ಗಂಟೆ ಹುಡುಕಿದೆವು. ಸಿಗಲಿಲ್ಲ. ಗಾಯಗೊಂಡ ಬಾತು ಮುಳುಗಿ ಹೋಗಿ, ಕೊಕ್ಕನ್ನಷ್ಟೇ ಮೇಲಿಟ್ಟು, ಗಿಡಗಳ ನಡುವೆ ಅಲುಗಾಡದೆ ಇರಬಲ್ಲದು. ಮನುಷ್ಯರ ಕಣ್ಣಿಗೆ ಅದು ಕಾಣುವುದಿಲ್ಲ. ನಾವಿರುವ ದೇಶದಲ್ಲಿ ಬಾತು ಬೇಟೆಗೆ ಅನುಮತಿ ಇದೆ. ಲೈಸೆನ್ಸ್ ಇತ್ತು, ದಿನಕ್ಕೆ ಇಷ್ಟೇ ಹಕ್ಕಿ ಅನ್ನುವ ಮಿತಿಯನ್ನೂ ಮೀರಿರಲಿಲ್ಲ. ಆದರೂ ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಇನ್ನು ಮುಂದೆ ನಾಯಿ ಇಲ್ಲದೆ ನೀರಿನ ಮೇಲೆ ಬಂದೂಕು ಎತ್ತಬಾರದು ಅಂತ ತೀರ್ಮಾನ ಮಾಡಿದೆ.

ಮರಿ ಆರಿಸುವಾಗ ಚೆಂದಕ್ಕಿಂತ ತಂದೆ ತಾಯಿಯ ಪರೀಕ್ಷೆಯ ಕಾಗದಗಳನ್ನು ಜಾಸ್ತಿ ನೋಡಿದೆ. ಸೊಂಟದ ಕೀಲಿನ ಎಕ್ಸ್‌ರೇ, ಕಣ್ಣಿನ ತಪಾಸಣೆ, ಜೊತೆಗೆ ಇಐಸಿ ಅನ್ನುವ ಆನುವಂಶಿಕ ಕಾಯಿಲೆಯ ಪರೀಕ್ಷೆ. ಈ ಕಾಯಿಲೆ ಇರುವ ನಾಯಿ ಉತ್ಸಾಹದಲ್ಲಿ ಜೋರಾಗಿ ಓಡುತ್ತಿರುವಾಗಲೇ ಹಿಂಗಾಲು ಸೋತು ಕುಸಿಯುತ್ತದೆ. ನೀರಿನಲ್ಲಿ ಹಾಗಾದರೆ ಮುಳುಗಿಯೇ ಹೋಗಬಹುದು. ಅದಕ್ಕೆ ಕಾರಣವಾದ ಜೀನ್ 2008ರಲ್ಲಿ ಗೊತ್ತಾಯಿತು, ಈಗ ಅದಕ್ಕೆ ಪರೀಕ್ಷೆ ಇದೆ. ತಂದೆ ತಾಯಿಯಲ್ಲಿ ಒಬ್ಬರಾದರೂ ಆ ಜೀನ್‌ನಿಂದ ಪೂರ್ತಿ ಮುಕ್ತರಾಗಿದ್ದರೆ ಮರಿಗೆ ಆ ಕಾಯಿಲೆ ಬರುವುದಿಲ್ಲ.

ನನಗೆ ಈ ವಿದ್ಯೆ ಕಲಿಸಿದವರು ಒಬ್ಬರು ಹಿರಿಯರು. ನಲವತ್ತು ವರ್ಷ ರಿಟ್ರೀವರ್‌ಗಳ ಜೊತೆ, ಅಂದರೆ ಹೊಡೆದ ಹಕ್ಕಿಯನ್ನು ತಂದುಕೊಡುವ ಲ್ಯಾಬ್ರಡಾರ್‌ನಂಥ ನಾಯಿಗಳ ಜೊತೆ ಕಳೆದವರು. ಕಾಲುಚೀಲದ ಕಥೆಯನ್ನು ನಾನು ಸಂಭ್ರಮದಿಂದ ಹೇಳಿದರೆ ಅವರು ತಲೆಯಾಡಿಸಿ, "ನೋಡಮ್ಮ, ತರೋದು ಇವಳಿಗೆ ಹುಟ್ಟಿನಿಂದ ಗೊತ್ತು. ನೀನು ಕಲಿಸಬೇಕಾದ್ದು ಕೂತಿರೋದನ್ನ" ಅಂದರು. ಆಗ ನನಗೆ ಅದು ಪೂರ್ತಿ ಅರ್ಥವಾಗಲಿಲ್ಲ.

ಮೊದಲ ಎರಡು ತಿಂಗಳು ಅವರು ಹೇಳಿದ ಪಾಠ ಬಹಳ ಚಿಕ್ಕದು. ದಿನಕ್ಕೆ ಮೂರು ಸಲ ಎಸೆ, ನಾಲ್ಕನೆಯದಕ್ಕೆ ಅವಳು ಕುಣಿಯುತ್ತಿರುವಾಗಲೇ ನಿಲ್ಲಿಸು. ಇನ್ನೂ ಬೇಕು ಅನ್ನುವ ಆಸೆಯಲ್ಲಿ ಅವಳು ಮಲಗಬೇಕು. ಬಾಯಲ್ಲಿರುವುದನ್ನು ಕಿತ್ತುಕೊಳ್ಳಬೇಡ, ಎಳೆದಾಡುವ ಆಟ ಆಡಬೇಡ. ಹಾಗೆ ಆಡಿದ ನಾಯಿ ಹಕ್ಕಿಯನ್ನು ಬಿಗಿಯಾಗಿ ಕಚ್ಚುತ್ತದೆ, ಮಾಂಸ ಜಜ್ಜಿಹೋಗುತ್ತದೆ. ಅವಳು ತಂದದ್ದನ್ನು ತಕ್ಷಣ ತೆಗೆದುಕೊಳ್ಳಲೂಬೇಡ. ಮೊದಲು ಬೆನ್ನು ಸವರು, ಎದೆ ತಡವು, ತಂದುಕೊಟ್ಟೆ ಅನ್ನುವ ಹೆಮ್ಮೆ ಅವಳಿಗೆ ಇರಲಿ. ಆಮೇಲೆ ಕೇಳು.

ಯಾವ ಪದದಲ್ಲಿ ಕೇಳುವುದು ಅನ್ನುವುದರಲ್ಲಿ ನಾನು ಒಂದು ವಾರ ಕಳೆದೆ. ನಾನು ಅವಳ ಜೊತೆ ಮನೆಯಲ್ಲಿ ಕನ್ನಡದಲ್ಲೇ ಮಾತಾಡುವುದು, ಹಾಗಾಗಿ ಆಜ್ಞೆಗಳೂ ಕನ್ನಡದಲ್ಲೇ ಇರಲಿ ಅಂದುಕೊಂಡೆ. "ಹಿಡಿ", "ಬಿಡು" ಅಂತ ಶುರು ಮಾಡಿದೆ. ಎರಡೂ ಪುಟ್ಟ ಪದಗಳು, ನಡುವೆ ಒಂದೇ "ಡ". ಗಾಳಿ ಬೀಸುವ ಬಯಲಿನಲ್ಲಿ ಮರಿಗೆ ಎರಡೂ ಒಂದೇ ಥರ ಕೇಳಿಸುತ್ತಿದ್ದವು. "ಬಿಡು" ತೆಗೆದು "ಕೊಡು" ಇಟ್ಟೆ. ದೂರ ಕಳಿಸಲು "ಹಿಂದೆ" ಅಂತ ಇಟ್ಟಿದ್ದೆ, ಅದೂ "ಹಿಡಿ"ಯ ಹತ್ತಿರವೇ. ಅದನ್ನು "ದೂರ" ಮಾಡಿದೆ. ಆ "ದೂ" ಎಳೆದು ಕೂಗಿದರೆ ಕೆರೆಯ ಆಚೆ ದಡಕ್ಕೂ ಮುಟ್ಟುತ್ತದೆ. ಕೂರಿಸಲು "ಕೂತ್ಕೋ", ಕರೆಯಲು "ಬಾ". ಜೊತೆಗೆ ವಿಷಲ್. ಒಂದು ಉದ್ದ ಊದಿದರೆ ಎಲ್ಲಿದ್ದರೂ ಕೂತು ನನ್ನ ಮುಖ ನೋಡಬೇಕು. ಪುಟ್ಟ ಪುಟ್ಟದಾಗಿ ಮೂರು ನಾಲ್ಕು ಸಲ ಊದಿದರೆ ನನ್ನ ಬಳಿ ಬರಬೇಕು. ಊಟದ ತಟ್ಟೆ ಇಡುವ ಮುಂಚೆ ಉದ್ದ ವಿಷಲ್, ಅವಳು ಕೂರುತ್ತಾಳೆ, ತಟ್ಟೆ ಕೆಳಗೆ ಬರುತ್ತದೆ. ದಿನಕ್ಕೆ ಮೂರು ಊಟ, ಮೂರು ಪಾಠ.

ಇನ್ನು ನನ್ನ ತಪ್ಪಿನ ವಿಷಯ. ಚುಕ್ಕಿಗೆ ಮೂರು ತಿಂಗಳಾಗಿತ್ತು. ಚಳಿಗಾಲ ಮುಗಿದಿತ್ತು, ಬಿಸಿಲು ಚೆನ್ನಾಗಿತ್ತು. ಲ್ಯಾಬ್ ಅಂದಮೇಲೆ ನೀರು ಅವಳ ಮನೆ ತಾನೇ ಅಂದುಕೊಂಡು ಕೆರೆಗೆ ಕರೆದೊಯ್ದೆ. ಅವಳ ಇಷ್ಟದ ಡಮ್ಮಿಯನ್ನು, ಅಂದರೆ ಹಕ್ಕಿಯ ಬದಲು ಎಸೆದು ತರಿಸುವ ಅಭ್ಯಾಸದ ವಸ್ತುವನ್ನು, ನೀರಿಗೆ ಎಸೆದೆ. ಅವಳು ಒಂದೇ ನೆಗೆತಕ್ಕೆ ಹಾರಿದಳು. ದಡದಿಂದ ಎರಡು ಅಡಿಗೇ ಆಳ ಇತ್ತು, ನೀರು ಇನ್ನೂ ಕೊರೆಯುತ್ತಿತ್ತು. ತಲೆ ಮುಳುಗಿತು. ಮೇಲೆ ಬಂದಾಗ ಮುಂಗಾಲುಗಳಿಂದ ನೀರನ್ನು ಹೊಡೆಯುತ್ತಾ, ಹಿಂಭಾಗ ಕೆಳಗೆ ಇಳಿಬಿದ್ದು, ಕಣ್ಣು ಅರಳಿಸಿ ಕಿರುಚಿದಳು. ನಾನು ಇಳಿದು ಎತ್ತಿಕೊಂಡೆ. ಅವಳ ಎದೆ ಹೊಡೆದುಕೊಳ್ಳುತ್ತಿದ್ದದ್ದು ನನ್ನ ಕೈಗೆ ತಾಗುತ್ತಿತ್ತು.

ಆಮೇಲೆ ಏಳು ವಾರ ಅವಳು ನೀರಿಗೆ ಪಾದ ಇಡಲಿಲ್ಲ. ಮಳೆ ನೀರು ನಿಂತ ಗುಂಡಿಯನ್ನೂ ಸುತ್ತಿ ಹೋಗುತ್ತಿದ್ದಳು. ಹಿರಿಯರಿಗೆ ಹೇಳಲು ನಾಚಿಕೆಯಾಯಿತು, ಆದರೂ ಹೇಳಿದೆ. ಅವರು ಬೈಯಲಿಲ್ಲ. "ನೀನು ಬರಿಗಾಲಲ್ಲಿ ಐದು ನಿಮಿಷ ಆರಾಮಾಗಿ ನಿಲ್ಲಕ್ಕಾಗದ ನೀರು ಮರಿಗೂ ಬೇಡ. ಬೇಸಿಗೆ ಬರಲಿ" ಅಂದರು ಅಷ್ಟೆ. ಬೇಸಿಗೆ ಬಂತು. ಇಳಿಜಾರು ನಿಧಾನವಾಗಿರುವ, ತಳ ಗಟ್ಟಿಯಾಗಿರುವ ಒಂದು ಜಾಗ ಹುಡುಕಿದೆವು. ನಾನು ನೀರಿನಲ್ಲಿ ಕೂತೆ. ಡಮ್ಮಿ ಇಲ್ಲ, ಆಜ್ಞೆ ಇಲ್ಲ, ಸುಮ್ನೆ ಕೂತೆ. ಹಿರಿಯರ ವಯಸ್ಸಾದ ನಾಯಿ ನನ್ನ ಪಕ್ಕದಲ್ಲಿ ಈಜಾಡಿಕೊಂಡಿತ್ತು. ಮೊದಲ ದಿನ ಚುಕ್ಕಿ ದಡದಲ್ಲಿ ನಿಂತು ಅತ್ತಳು. ಎರಡನೇ ದಿನ ಪಾದ ನೆನೆಯಿತು. ಐದನೇ ದಿನ ಹೊಟ್ಟೆಯವರೆಗೆ ಬಂದಳು. ಒಂಬತ್ತನೇ ದಿನ ಆ ನಾಯಿಯ ಹಿಂದೆ ನಡೆಯುತ್ತಾ ನಡೆಯುತ್ತಾ ಅವಳ ಕಾಲು ನೆಲ ಬಿಟ್ಟಿತು, ಅವಳಿಗೇ ಗೊತ್ತಾಗಲಿಲ್ಲ. ಬಾಲ ಚುಕ್ಕಾಣಿಯ ಹಾಗೆ ನೀರಿನ ಮೇಲೆ ಚಾಚಿತು, ಬೆನ್ನು ಸಮವಾಯಿತು. ನನ್ನ ಕಣ್ಣು ತುಂಬಿತು.

ಅದೇ ಸಮಯಕ್ಕೆ ಹಲ್ಲು ಬದಲಾಗುತ್ತಿತ್ತು. ನಾಲ್ಕರಿಂದ ಆರು ತಿಂಗಳ ನಡುವೆ ಒಸಡು ನೋಯುತ್ತದೆ, ಆಗ ಗಟ್ಟಿ ಡಮ್ಮಿ ಕೊಟ್ಟರೆ ತರುವುದೇ ನೋವು ಅಂತ ಮರಿ ಕಲಿತುಬಿಡುತ್ತದೆ. ಮೆತ್ತನೆಯ ಬಟ್ಟೆಯ ಉಂಡೆಗೆ ವಾಪಸ್ ಹೋದೆವು. ಹಲ್ಲು ಪೂರ್ತಿ ಬಂದ ಮೇಲೆ "ಹಿಡಿ" ಪಾಠ: ಡಮ್ಮಿಯನ್ನು ಬಾಯಲ್ಲಿಟ್ಟು, ಗದ್ದದ ಕೆಳಗೆ ಎರಡು ಬೆರಳಿಟ್ಟು, ಮೊದಲು ಎರಡು ಕ್ಷಣ, ಆಮೇಲೆ ಹತ್ತು, ಆಮೇಲೆ ನನ್ನ ಪಕ್ಕದಲ್ಲಿ ನಡೆಯುತ್ತಾ. ನೀರಿನಿಂದ ಬಂದ ನಾಯಿ ಮೈ ಒದರುವಾಗ ಹಕ್ಕಿಯನ್ನು ಕೆಳಗೆ ಹಾಕುವುದು ಸಹಜ. ಆ ಹಕ್ಕಿಗೆ ಜೀವ ಇದ್ದರೆ ಓಡಿಹೋಗುತ್ತದೆ. ಅದಕ್ಕೇ ಇದು ಬೇಕು.

ಬಂದೂಕಿನ ಸದ್ದಿನ ವಿಷಯದಲ್ಲಿ ನಾನು ಕೆರೆಯಲ್ಲಿ ಮಾಡಿದ ತಪ್ಪನ್ನು ಮತ್ತೆ ಮಾಡಲಿಲ್ಲ. ಗುಂಡಿನ ಸದ್ದಿಗೆ ಹೆದರುವ ಹೆಚ್ಚಿನ ನಾಯಿಗಳು ಹುಟ್ಟಾ ಹೆದರುವವಲ್ಲ, ಯಾರೋ ಅವಸರದಲ್ಲಿ ಹಾಗೆ ಮಾಡಿರುತ್ತಾರೆ. ನಾಯಿಗೆ ರೂಢಿಯಾಗಲಿ ಅಂತ ನೇರವಾಗಿ ಶೂಟಿಂಗ್ ಅಭ್ಯಾಸದ ಮೈದಾನಕ್ಕೆ ಕಟ್ಟಿಕೊಂಡು ಹೋಗುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ನಾವು ಮಾಡಿದ್ದು ಹೀಗೆ. ತಮ್ಮ ನೂರು ಮೀಟರ್ ಆಚೆ ನಿಲ್ಲುತ್ತಿದ್ದ. ಡಮ್ಮಿ ಗಾಳಿಯಲ್ಲಿ ಇರುವಾಗ, ಚುಕ್ಕಿ ಅದರ ಕಡೆ ಓಡುತ್ತಿರುವಾಗ, ಬರೀ ಸದ್ದು ಮಾಡುವ ಸಣ್ಣ ಪಿಸ್ತೂಲಿನಿಂದ ಒಂದು "ಟಪ್". ಅವಳು ಕಿವಿ ಕೂಡ ಅಲ್ಲಾಡಿಸಲಿಲ್ಲ. ವಾರಕ್ಕೆ ಇಪ್ಪತ್ತು ಹೆಜ್ಜೆಯಷ್ಟು ಹತ್ತಿರ. ಆರು ವಾರದ ಕೊನೆಗೆ ನಿಜವಾದ ಬಂದೂಕು, ಮತ್ತೆ ದೂರದಿಂದ. ಸದ್ದು ಕೇಳಿದರೆ ಅವಳು ಆಕಾಶ ನೋಡಲು ಶುರು ಮಾಡಿದಳು. ಸದ್ದಾದರೆ ಮೇಲಿನಿಂದ ಒಳ್ಳೆಯದೇನೋ ಬೀಳುತ್ತದೆ ಅನ್ನುವ ಲೆಕ್ಕ.

ನಿಜವಾದ ಕಷ್ಟ ಶುರುವಾದದ್ದು ಇಲ್ಲಿಂದ. ಎಂಟು ತಿಂಗಳ ಚುಕ್ಕಿಗೆ ಈಗ ನೀರು ಇಷ್ಟ, ಸದ್ದು ಇಷ್ಟ, ಹಾರುವ ಡಮ್ಮಿ ಪ್ರಾಣ. ಅವಳನ್ನು ಹಿಡಿದು ಕೂರಿಸುವುದು ಅಂದರೆ ಬಿಲ್ಲಿಗೆ ಹೂಡಿದ ಬಾಣವನ್ನು ಬಿಡದೆ ಹಿಡಿದ ಹಾಗೆ. ಹಿರಿಯರು ಮೊದಲ ದಿನ ಹೇಳಿದ ಮಾತು ಆಗ ಅರ್ಥವಾಯಿತು. ಬೇಟೆಯ ಮರೆಯಲ್ಲಿ ಕಾಯದ ನಾಯಿ ಚೆನ್ನಾಗಿ ಕಾಣುವುದಿಲ್ಲ ಅಂತಲ್ಲ, ಅದು ಸಾಯುತ್ತದೆ. ಹಕ್ಕಿಗಳು ತಗ್ಗಿ ಬರುವಾಗ, ಇಬ್ಬರು ಮೂವರು ಬಂದೂಕು ಎತ್ತಿರುವಾಗ, ನಾಯಿ ಮುಂದಕ್ಕೆ ಹಾರಿದರೆ ಅದು ಗುಂಡಿನ ದಾರಿಯಲ್ಲಿ ಇರುತ್ತದೆ. ಇಲ್ಲವೇ ಪಕ್ಕದವರ ಕೈಗೆ ಡಿಕ್ಕಿ ಹೊಡೆದು ಬಂದೂಕಿನ ಬಾಯಿ ಎತ್ತಲೋ ತಿರುಗುತ್ತದೆ.

ಹಾಗಾಗಿ ಮೊದಲ ವರ್ಷದ ಬೇಟೆಗಾಲ ಬಂದಾಗ ಅವಳನ್ನು ಕರೆದೊಯ್ಯಲಿಲ್ಲ. ಗೆಳೆಯರು, "ಒಂದು ಸಲ ನೋಡೋಣ, ತರ್ತಾಳೆ ಅಲ್ವಾ" ಅಂದರು. ತರುತ್ತಿದ್ದಳು, ಖಂಡಿತ. ಆದರೆ ಕಾಯುತ್ತಿರಲಿಲ್ಲ. ಒಂದು ಸಲ ಹೇಳದೆ ಓಡಿ ಹಕ್ಕಿ ಬಾಯಿಗೆ ಸಿಕ್ಕಿದರೆ, ಓಡಿದ್ದಕ್ಕೆ ಅದೇ ಬಹುಮಾನ. ಅದನ್ನು ಅಳಿಸಲು ಆರು ತಿಂಗಳು ಬೇಕು.

ಆ ಚಳಿಗಾಲ ಪೂರ್ತಿ ನಮಗೆ ಒಂದೇ ಕೆಲಸ. ಒಂದು ಚೌಕದ ಹಲಗೆ, ಅದರ ಮೇಲೆ ಚುಕ್ಕಿ, ಅವಳ ಕೊರಳಪಟ್ಟಿಯಲ್ಲಿ ತೂರಿಸಿದ ಹಗ್ಗ ನನ್ನ ಕೈಯಲ್ಲಿ. ತಮ್ಮ "ಅಕ್ಕ, ಎಸೀಲಾ?" ಅನ್ನುತ್ತಾನೆ. ಡಮ್ಮಿ ಬೀಳುತ್ತದೆ. ಅವಳು ಹಾರುತ್ತಾಳೆ, ಹಗ್ಗ ತಡೆಯುತ್ತದೆ. ಬೈಗುಳ ಇಲ್ಲ. ಮತ್ತೆ ಹಲಗೆಗೆ. ತಮ್ಮ ನಡೆದು ಹೋಗಿ ಡಮ್ಮಿಯನ್ನು ತಾನೇ ಎತ್ತಿಕೊಂಡು ಬರುತ್ತಾನೆ. ಹತ್ತು ಎಸೆದರೆ ಏಳನ್ನು ಅವನೇ ಎತ್ತಬೇಕು, ಮೂರು ಮಾತ್ರ ಅವಳಿಗೆ. ಆ ಮೂರೂ ಅವಳು ಪೂರ್ತಿ ಸುಮ್ಮನಾದ ಮೇಲೆ. ಕೂತಿರುವುದು ಬೇರೆ, ಸುಮ್ಮನಿರುವುದು ಬೇರೆ ಅನ್ನುವುದು ಆಗ ಗೊತ್ತಾಯಿತು. ಮೊದಲ ತಿಂಗಳು ಅವಳು ಕೂತಿರುತ್ತಿದ್ದಳು, ಆದರೆ ಮುಂಗಾಲು ನಡುಗುತ್ತಿತ್ತು, ಗಂಟಲಲ್ಲಿ ಒಂದು ಸಣ್ಣ ಕುಂಯ್. ಆ ಕುಂಯ್ ಇರುವಾಗ ಕಳಿಸಿದರೆ ಅವಳು ಕುಂಯ್‌ಗುಟ್ಟುವುದನ್ನೇ ಕಲಿಯುತ್ತಾಳೆ. ಮರೆಯಲ್ಲಿ ಅದೊಂದು ಸದ್ದಿಗೆ ಬಾತುಗಳು ತಿರುಗಿ ಹೋಗುತ್ತವೆ. ಹಾಗಾಗಿ ನಾನೂ ಕಾಯುತ್ತಿದ್ದೆ. ಒಮ್ಮೊಮ್ಮೆ ನಾಲ್ಕು ನಿಮಿಷ, ತಮ್ಮ ದೂರದಲ್ಲಿ ಚಳಿಗೆ ಕೈ ಉಜ್ಜಿಕೊಳ್ಳುತ್ತಾ ನಿಂತಿರುತ್ತಿದ್ದ. ಎರಡನೇ ತಿಂಗಳ ಒಂದು ಬೆಳಿಗ್ಗೆ ಡಮ್ಮಿ ಬಿತ್ತು, ಚುಕ್ಕಿ ಅದು ಬಿದ್ದ ಜಾಗವನ್ನು ನೋಡಿದಳು, ಒಂದು ದೊಡ್ಡ ಉಸಿರು ಬಿಟ್ಟಳು, ಭುಜ ಇಳಿಯಿತು. ನಾನು ಮೆಲ್ಲಗೆ ಅವಳ ಹೆಸರು ಹೇಳಿದೆ. ಅವಳು ಗೆರೆ ಎಳೆದ ಹಾಗೆ ನೇರ ಹೋದಳು.

ಕಾಯುವುದರಿಂದ ಇನ್ನೊಂದು ಲಾಭ ಇದೆ ಅಂತ ಅವತ್ತು ನೋಡಿದೆ. ಕಾದ ನಾಯಿ ಬಿದ್ದ ಜಾಗವನ್ನು ನೆನಪಿಟ್ಟುಕೊಳ್ಳುತ್ತದೆ. ಎರಡು ಡಮ್ಮಿ ಎರಡು ದಿಕ್ಕಿಗೆ ಬಿದ್ದರೆ, ಹೆಚ್ಚಾಗಿ ಕೊನೆಗೆ ಬಿದ್ದದ್ದನ್ನು ಮೊದಲು ತಂದು, ಆಮೇಲೆ ಮೊದಲು ಬಿದ್ದದ್ದನ್ನು ನೆನಪಿನಿಂದ ಹುಡುಕಬೇಕು. ಅವಸರದಲ್ಲಿ ಹಾರುತ್ತಿದ್ದಾಗ ಚುಕ್ಕಿಗೆ ಎರಡನೆಯದು ಮರೆತೇ ಹೋಗುತ್ತಿತ್ತು.

ಕಾಣದ ಹಕ್ಕಿಯನ್ನು ತರಿಸುವ ಪಾಠ ನನಗೆ ಎಲ್ಲಕ್ಕಿಂತ ಇಷ್ಟ. ನಾಯಿಗಳಿಗೆ ನೀಲಿ, ಹಳದಿ ಚೆನ್ನಾಗಿ ಕಾಣುತ್ತವೆ, ಕೆಂಪು ಹಸಿರಿನ ಭೇದ ಕಾಣುವುದಿಲ್ಲ. ಹಾಗಾಗಿ ಹುಲ್ಲಿನಲ್ಲಿ ಬಿದ್ದ ಕಿತ್ತಳೆ ಡಮ್ಮಿ ನಮಗೆ ದೀಪದ ಹಾಗೆ ಹೊಳೆದರೂ ಅವುಗಳಿಗೆ ಹುಲ್ಲಿನಲ್ಲೇ ಬೆರೆತುಹೋಗುತ್ತದೆ. ನೋಡಿ ತರುವ ಪಾಠಕ್ಕೆ ಬಿಳಿ ಡಮ್ಮಿ, ನಂಬಿ ಹೋಗುವ ಪಾಠಕ್ಕೆ ಕಿತ್ತಳೆ. ನಾನು ದಿಕ್ಕು ತೋರಿಸಿ "ದೂರ" ಅಂದರೆ ಅವಳು ಹೋಗಬೇಕು. ದಾರಿ ತಪ್ಪಿದರೆ ಉದ್ದ ವಿಷಲ್, ಅವಳು ಕೂತು ತಿರುಗಿ ನೋಡಬೇಕು. ನಾನು ಬಲಗೈ ಚಾಚಿದರೆ ಬಲಕ್ಕೆ, ಎಡಗೈ ಚಾಚಿದರೆ ಎಡಕ್ಕೆ, ಕೈ ನೇರ ಮೇಲೆತ್ತಿದರೆ ಇನ್ನೂ ಹಿಂದಕ್ಕೆ. ಎಂಬತ್ತು ಮೀಟರ್ ದೂರದಲ್ಲಿ ಒಂದು ಕಪ್ಪು ಮುಖ ನನ್ನ ಕೈಯನ್ನೇ ನೋಡುತ್ತಾ ಕೂತಿರುವಾಗ, ತಪ್ಪು ಕೈ ಎತ್ತಬಾರದು ಅನ್ನುವ ಜವಾಬ್ದಾರಿ ಎಷ್ಟು ದೊಡ್ಡದು ಅನಿಸುತ್ತದೆ.

ನಾಯಿಗೆ ಶಾಕ್ ಕೊಡುವ ವಿದ್ಯುತ್ ಕಾಲರ್ ನಾನು ಬಳಸಲಿಲ್ಲ. ಬಲ್ಲವರು ಹದವಾಗಿ ಬಳಸುವುದನ್ನು ನೋಡಿದ್ದೇನೆ, ಅದರ ಬಗ್ಗೆ ಜಗಳ ಇಲ್ಲ. ಆದರೆ ಕಲಿಸದೇ ಇರುವುದಕ್ಕೆ ಶಿಕ್ಷೆ ಕೊಡುವ ಸಾಧನ ನನ್ನಂಥ ಹೊಸಬಳ ಕೈಯಲ್ಲಿ ಬೇಡ ಅನಿಸಿತು. ನೀರಿನಲ್ಲಿ ಅವಳಿಗೆ ಆದ ಭಯ ನನಗೆ ಸಾಕಾಗಿತ್ತು.

ಉಳಿದದ್ದು ಬೇಗ ಆಯಿತು. ಡಮ್ಮಿಗೆ ಬಾತಿನ ರೆಕ್ಕೆ ಕಟ್ಟಿ ಗರಿಯ ರುಚಿ ತೋರಿಸಿದೆವು, ಆಮೇಲೆ ಸತ್ತ ಹಕ್ಕಿ. ನೀರಿನಲ್ಲಿ ತೇಲಿಬಿಡುವ ಬಾತಿನ ಬೊಂಬೆಗಳನ್ನು ಮೊದಲು ಹುಲ್ಲಿನ ಮೇಲೆ ಹರಡಿ, ಅವುಗಳ ನಡುವೆ ನಡೆಸಿದೆವು. ಹಾಗೆ ಮಾಡದಿದ್ದರೆ ನಾಯಿ ಬೊಂಬೆಯನ್ನೇ ಕಚ್ಚಿ ತರುತ್ತದೆ, ಅದರ ದಾರ ಕಾಲಿಗೆ ಸುತ್ತಿಕೊಳ್ಳುತ್ತದೆ.

ಎರಡನೇ ವರ್ಷದ ಬೇಟೆಗಾಲದ ಮೊದಲ ಬೆಳಿಗ್ಗೆ ನಾನು, ತಮ್ಮ, ಹಿರಿಯರು ಮೂವರೂ ಮರೆಯಲ್ಲಿದ್ದೆವು. ನಾನು ಬಂದೂಕು ತಂದಿರಲಿಲ್ಲ. ಮೊದಲ ದಿನ ನಾಯಿ ನೋಡಿಕೊಳ್ಳುವವರು ಗುಂಡು ಹೊಡೆಯಬಾರದು, ಎರಡರ ಮೇಲೂ ಗಮನ ಇಡಲು ಆಗುವುದಿಲ್ಲ. ಕತ್ತಲಲ್ಲಿ ರೆಕ್ಕೆಯ ಸದ್ದು ತಲೆಯ ಮೇಲೆ ಹೋಯಿತು. ಚುಕ್ಕಿಯ ತಲೆ ಮಾತ್ರ ತಿರುಗಿತು. ಬೆಳಕಾದ ಮೇಲೆ ಮೂರು ಬಾತು ರೆಕ್ಕೆ ಬಾಗಿಸಿಕೊಂಡು ಇಳಿದವು. ತಮ್ಮ ಒಂದನ್ನು ಹೊಡೆದ, ಅದು ಬೊಂಬೆಗಳ ಆಚೆ ಬಿತ್ತು. ಚುಕ್ಕಿ ಕೂತೇ ಇದ್ದಳು. ನನ್ನ ಕೈ ಅವಳ ಬೆನ್ನ ಮೇಲಿತ್ತು, ಒಳಗೆ ಎಲ್ಲಾ ನಡುಗುತ್ತಿತ್ತು. ಆದರೂ ಕೂತಿದ್ದಳು. ಬಂದೂಕುಗಳು ಕೆಳಗಿಳಿದ ಮೇಲೆ ಹೆಸರು ಹೇಳಿದೆ. ಹೋದಳು, ತಂದಳು, ಕೊಟ್ಟಳು.

ಎರಡನೆಯದು ಹಾಗಲ್ಲ. ಹಿರಿಯರು ಹೊಡೆದ ಹಕ್ಕಿ ರೆಕ್ಕೆ ಮುರಿದು ಜೊಂಡಿನ ಅಂಚಿಗೆ ಬಿತ್ತು, ಬಿದ್ದದ್ದೇ ಮುಳುಗಿತು. ನನಗೆ ಹಳೆಯ ಬೆಳಿಗ್ಗೆ ನೆನಪಾಯಿತು. ಕಳಿಸಿದೆ. ಅವಳು ಹಕ್ಕಿ ಬಿದ್ದ ಜಾಗಕ್ಕೆ ಹೋಗಿ, ಒಂದು ಸುತ್ತು ಹಾಕಿ, ಎಡಕ್ಕೆ ತಿರುಗಿ ಜೊಂಡಿನೊಳಗೆ ಹೋಗತೊಡಗಿದಳು. ನನ್ನ ಲೆಕ್ಕದಲ್ಲಿ ಹಕ್ಕಿ ಬಲಕ್ಕಿತ್ತು. ವಿಷಲ್ ತುಟಿಗೆ ಹೋಯಿತು. ಹಿರಿಯರು ಅದನ್ನು ಮೆಲ್ಲಗೆ ಕೆಳಗೆ ಎಳೆದರು. "ಗಾಳಿ ಎಡದಿಂದ ಬರ್ತಿದೆ. ಮೂಗು ಇರೋದು ಅವಳಿಗೆ. ಈಗ ನೀನು ಕಾಯಮ್ಮ" ಅಂದರು.

ಕಾದೆ. ಜೊಂಡು ಅಲ್ಲಾಡಿತು, ನಿಂತಿತು, ಇನ್ನೂ ದೂರದಲ್ಲಿ ಅಲ್ಲಾಡಿತು. ಒಂದು ಸಲ ನೀರು ಬಡಿದ ಸದ್ದು. ಆಮೇಲೆ ಏನೂ ಇಲ್ಲ. ತಮ್ಮ ಏನೋ ಹೇಳಲು ಹೋಗಿ ಸುಮ್ಮನಾದ. ಎಷ್ಟು ಹೊತ್ತೋ ಗೊತ್ತಿಲ್ಲ. ನಾವು ಯಾರೂ ನೋಡದಿದ್ದ ಕಡೆಯಿಂದ ಚುಕ್ಕಿ ಈಜಿಕೊಂಡು ಬಂದಳು. ಬಾತು ಬಾಯಲ್ಲಿತ್ತು, ತಲೆ ಎತ್ತಿ ನೋಡುತ್ತಿತ್ತು. ಮೇಲೆ ಬಂದಳು, ಮೈ ಒದರಲಿಲ್ಲ, ಕೂತಳು. "ಕೊಡು" ಅಂದೆ. ನನ್ನ ಅಂಗೈಗೆ ಇಟ್ಟಳು. ಒಂದು ಗರಿಯೂ ಮುರಿದಿರಲಿಲ್ಲ. ಹಿರಿಯರು ಹಕ್ಕಿಯನ್ನು ತೆಗೆದುಕೊಂಡು ಒಂದೇ ಕ್ಷಣದಲ್ಲಿ ಅದರ ನೋವು ಮುಗಿಸಿದರು.

ಮಾರನೇ ದಿನ ಬೆಳಿಗ್ಗೆ ಅವಳ ಬಾಲ ಏಳಲಿಲ್ಲ. ಬುಡದಿಂದ ಎರಡು ಇಂಚು ಗಟ್ಟಿಯಾಗಿ, ಆಮೇಲೆ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಮುಟ್ಟಿದರೆ ತಿರುಗಿ ನೋಡುತ್ತಿದ್ದಳು. ಮುರಿದೇ ಹೋಯಿತು ಅಂತ ನಾನು ಓಡಿಸಿಕೊಂಡು ಹೋದೆ. ಪಶುವೈದ್ಯರು ಮುಟ್ಟಿ ನೋಡಿ, ತಣ್ಣೀರಿನಲ್ಲಿ ತುಂಬಾ ಹೊತ್ತು ಈಜಿದ ರಿಟ್ರೀವರ್‌ಗಳಲ್ಲಿ ಇದು ಸಾಮಾನ್ಯ, ಬಾಲದ ಬುಡದ ಸ್ನಾಯು ನೊಂದಿದೆ ಅಷ್ಟೆ, ಬೆಚ್ಚಗಿಡಿ, ವಿಶ್ರಾಂತಿ ಕೊಡಿ ಅಂದರು. ಮೂರು ದಿನ ಒಲೆಯ ಪಕ್ಕ ಹಾಸಿಗೆ ಹಾಕಿಕೊಟ್ಟೆ. ನಾಲ್ಕನೇ ದಿನ ನಾನು ಎದ್ದು ಬರುವಾಗ ಹಜಾರದಲ್ಲಿ ಟಪಟಪ ಸದ್ದು. ಬಾಲ ಗೋಡೆಗೆ ಬಡಿಯುತ್ತಿತ್ತು. ಚುಕ್ಕಿ ಕೂತಿದ್ದಳು, ಬಾಯಲ್ಲಿ ನನ್ನ ಕಾಲುಚೀಲ ಇತ್ತು. ನಾನು ಕೇಳುವವರೆಗೂ ಹಿಡಿದೇ ಇದ್ದಳು.